ಹೊತ್ತೊಯ್ದೋನು ಹೀರೋ ಅಲ್ಲ ಕಣ್ರಮ್ಮಾ

ಹೋದ ಭಾನುವಾರ ಯಲಹಂಕ ಹಳೇ ಊರಲ್ಲಿ ನಮ್ಮ ತಂಗಿ ಮನೇಲಿ ಅವರೆಕಾಳು ಹಿದುಕೋಕೆ ಕೂತಿದ್ವಿ. ರಾತ್ರಿ ನೆನೆಹಾಕಿದ್ದ ಕಾಳು ಎರಡು ಬೇಸಿನ್ ತುಂಬ ಇತ್ತು. ನಾನು, ತಂಗಿ, ಅವಳ ಓರಗಿತ್ತಿ, ಆರ್.ಟಿ. ನಗರದಿಂದ ಬಂದಿದ್ದ ದೊಡ್ಡಮ್ಮ, ಎದುರುಮನೆ ಆಂಟಿ. ತಂಗಿ ಮಗಳು ಪುಟ್ಟಿಗೆ ಹದಿನಾರು. ಅವಳು ಒಂದು ಕೈಯಲ್ಲಿ ಕಾಳು ಹಿದುಕ್ತಾ, ತೊಡೆ ಮೇಲೆ ಪುಸ್ತಕ ಇಟ್ಕೊಂಡಿದ್ಲು. ಇಂಗ್ಲಿಷ್ ಕಾದಂಬರಿ. ರಟ್ಟಿನ ಮೇಲೆ ಕೋಟೆ, ಬೆಂಕಿ, ಕುದುರೆ ಮೇಲೊಬ್ಬ ಸೇನಾಪತಿ, ಅವನ ತೋಳಲ್ಲಿ ಒಬ್ಬ ಹುಡುಗಿ.

“ಏನ್ ಕತೆನೇ ಅದು?” ಅಂದೆ. ಹುಡುಗಿ ಉತ್ಸಾಹದಿಂದ ಹೇಳಿದ್ಲು. ಯುದ್ಧ ನಡೀತಿರುತ್ತೆ, ಶತ್ರು ಕಡೆ ಕ್ಯಾಪ್ಟನ್ ಇವಳ ಊರಿಗೆ ಬೆಂಕಿ ಇಡ್ತಾನೆ, ಇವಳನ್ನ ಹೊತ್ಕೊಂಡು ಹೋಗ್ತಾನೆ. ಇವಳು ಮೊದಲು ಅವನನ್ನ ದ್ವೇಷ ಮಾಡ್ತಾಳೆ, ಆಮೇಲೆ ಅವನ ಒಳ್ಳೇ ಮನಸ್ಸು ಗೊತ್ತಾಗಿ ಪ್ರೀತಿಸ್ತಾಳೆ. “ಎಷ್ಟು ಇಷ್ಟ ಇರ್ಬೇಕು ದೊಡ್ಡಮ್ಮ, ಇಷ್ಟು ಜನರಲ್ಲಿ ಅವಳೊಬ್ಬಳನ್ನೇ ಆರಿಸ್ಕೊಳ್ಳೋಕೆ!”

ಅದೇ ಉಸಿರಿಗೆ, ಯಾರೂ ಕೇಳದೇನೇ, ಇನ್ನೊಂದು ಮಾತೂ ಬಾಯಿಂದ ಬಂತು. ಟ್ಯೂಷನ್ನಿಗೆ ಹೋಗೋ ದಾರೀಲಿ, ಬಸ್ ಸ್ಟಾಪಿನ ಹತ್ರ, ಒಬ್ಬ ಹುಡುಗ ಮೂರು ತಿಂಗಳಿಂದ ಬೈಕಲ್ಲಿ ಹಿಂದೇನೇ ಬರ್ತಾನಂತೆ. ಇವಳು ಬೇಡ ಅಂದ್ರೂ ಬರ್ತಾನಂತೆ. “ಅವನೂ ಹಂಗೇ, ಬಿಡೋದೇ ಇಲ್ಲ,” ಅಂತ ಹೇಳಿ ನಕ್ಳು. ನಗೋವಾಗ ಅವಳ ಕೈ ನಡುಗ್ತಿತ್ತು, ನಾನು ನೋಡ್ದೆ.

ನಮ್ಮ ತಂಗಿ ಏನು ಮಾಡಿದ್ಲು ಗೊತ್ತಾ? ಪುಸ್ತಕ ಕಿತ್ಕೊಂಡು ಹಿತ್ತಲಲ್ಲಿ ನೀರೊಲೆಗೆ ಹಾಕಿದ್ಲು. “ಇಂಥವು ಓದೇ ಹಾಳಾಗಿರೋದು” ಅಂತ ಎರಡು ಬಿಟ್ಳು. ದೊಡ್ಡಮ್ಮ, ಓರಗಿತ್ತಿ ಎಲ್ಲರೂ ಸರಿಯಾಗಿ ಮಾಡಿದೆ ಅಂದ್ರು. ಸೋಮವಾರ ಸಾಯಂಕಾಲ ಆ ಹುಡುಗ ಅದೇ ಬಸ್ ಸ್ಟಾಪಲ್ಲಿ ನಿಂತಿದ್ದ. ಸುಟ್ಟಿದ್ದು ಪುಸ್ತಕ ತಾನೇ.

ಅದಕ್ಕೇ ಇವತ್ತು ಅಡುಗೆ ವಿಷಯ ಬಿಟ್ಟು ಇದನ್ನ ಬರೀತಿದ್ದೀನಿ. ನನ್ನ ಜಗಳ ಎರಡು ಕಡೆ ಇದೆ. ಒಂದು ಆ ಪುಸ್ತಕದ ಜೊತೆ, ಇನ್ನೊಂದು ಅದನ್ನ ಒಲೆಗೆ ಹಾಕಿದವರ ಜೊತೆ. ನನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋರು ಪೂರ್ತಿ ಓದಿ ಆಮೇಲೆ ಮಾಡ್ಕೊಳ್ಳಿ.

ಮೊದಲು ಪುಸ್ತಕದ ಮಾತು. ಪ್ರೀತಿ ಇದೆ ಅಂತ ನನಗೇನೂ ತಕರಾರಿಲ್ಲ. ಹದಿನಾರಕ್ಕೆ ಪ್ರೀತಿ ಕತೆ ಓದದೆ ಅರವತ್ತಕ್ಕೆ ಓದ್ತಾರಾ? ಯಶವಂತಪುರದಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಕಾದಂಬರೀನ ಲೆಕ್ಕದ ಪುಸ್ತಕದ ಒಳಗಿಟ್ಟು ಓದ್ದೋಳು ನಾನು. ದೇವುಡು ಅವರ ‘ಮಯೂರ’ ಓದಿ, ಅದೇ ಕತೆಯ 1975ರ ಸಿನಿಮಾದಲ್ಲಿ ರಾಜಕುಮಾರ್ ಕತ್ತಿ ಹಿಡಿದು ನಿಂತಿದ್ದು ನೋಡಿ ವಾರಗಟ್ಟಲೆ ಕನಸು ಕಂಡಿದ್ದೀನಿ. ಯುದ್ಧದ ಕತೇಲಿ ಪ್ರೀತಿ ಬಂದ್ರೆ ಚೆನ್ನಾಗೇ ಇರುತ್ತೆ. ನಾಳೆ ಇರ್ತೀವೋ ಇಲ್ವೋ ಅನ್ನೋ ಹೊತ್ತಲ್ಲಿ ಆಡಿದ ಮಾತಿಗೆ ತೂಕ ಜಾಸ್ತಿ.

ನನ್ನ ತಕರಾರು ಒಂದೇ. ಹೊತ್ತೊಯ್ಯೋದನ್ನ ಪ್ರೀತಿ ಅಂತ ಮಾರಬಾರದು.

ಯುದ್ಧ ಅಂದ್ರೆ ಹೆಣ್ಣುಮಕ್ಕಳಿಗೆ ಏನಾಗಿತ್ತು ಅಂತ ತಿಳಿಯೋಕೆ ನಾವು ಯುರೋಪಿಗೆ ಹೋಗ್ಬೇಕಿಲ್ಲ. ಹೆಬ್ಬಾಳಕ್ಕೆ ಹೋದ್ರೆ ಸಾಕು. 2018ರಲ್ಲಿ ಅಲ್ಲಿ ಒಂದು ವೀರಗಲ್ಲು ಸಿಕ್ತು. ಸುಮಾರು 750ನೇ ಇಸವಿದು, ಗಂಗರ ಶ್ರೀಪುರುಷನ ಕಾಲದ್ದು. ಆಗ ಹೆಬ್ಬಾಳದ ಹೆಸರು ಪೆರ್ಬೊಳಲು. ರಟ್ಟವಾಡಿಯವರು ಮೇಲೆ ಬಿದ್ದಾಗ ಕಿತ್ತಯ್ಯ ಅನ್ನೋನು ಕಾದಾಡಿ ಸತ್ತ ಅಂತ ಕಲ್ಲಲ್ಲಿ ಇದೆ. ಅದರಲ್ಲಿ ‘ಊರಳಿವು’ ಅಂತ ಒಂದು ಮಾತಿದೆ. ಊರಿಗೆ ಊರೇ ಹಾಳಾಗೋದು ಅಂತ ಅರ್ಥ. ಬೇಗೂರಿನ ಕಲ್ಲೂ ಅಷ್ಟೇ. ‘ಬೆಂಗಳೂರು’ ಅನ್ನೋ ಹೆಸರು ಮೊದಲು ಕಾಣೋದು ಸುಮಾರು 890ನೇ ಇಸವಿಯ ಆ ಕಲ್ಲಲ್ಲೇ, ಅದೂ ಬೆಂಗಳೂರು ಕಾಳಗದಲ್ಲಿ ಸತ್ತವನ ನೆನಪಿಗೆ. ನಮ್ಮ ಊರಿನ ಹೆಸರು ಸಾವಿನ ಸುದ್ದಿ ಜೊತೆ ಹುಟ್ಟಿದ್ದು ನೋಡಿ.

ವೀರಗಲ್ಲುಗಳನ್ನ ಓದೋರು ಅವುಗಳಲ್ಲಿ ಬಗೆ ಮಾಡ್ತಾರೆ. ದನ ಹೊಡ್ಕೊಂಡು ಹೋಗೋರ ಜೊತೆ ಹೋರಾಡಿ ಸತ್ರೆ ತುರುಗೋಳು. ಊರು ಉಳಿಸೋಕೆ ಹೋಗಿ ಸತ್ರೆ ಊರಳಿವು. ಮೂರನೇದು ‘ಪೆಣ್ಬುಯ್ಯಲು’. ಹೆಂಗಸರನ್ನ ಎಳ್ಕೊಂಡು ಹೋಗೋವಾಗ ಅವರ ಕೂಗು ಕೇಳಿ ಅಡ್ಡ ನಿಂತು ಸತ್ತವರ ಕಲ್ಲು. ಪೆಣ್ ಅಂದ್ರೆ ಹೆಣ್ಣು, ಪುಯ್ಯಲ್ ಅಂದ್ರೆ ಕೂಗು, ಮೊರೆ. ಅದಕ್ಕೇ ಬೇರೆ ಹೆಸರು ಇಡಬೇಕು ಅನ್ನೋಷ್ಟು ಸಲ ಅದು ನಮ್ಮ ಊರುಗಳಲ್ಲಿ ನಡೆದಿದೆ. ಆ ಕಾಲದ ಜನ ಹೊತ್ತೊಯ್ದೋನಿಗೆ ಕಲ್ಲು ನಿಲ್ಲಿಸಲಿಲ್ಲ. ತಡೆದೋನಿಗೆ ನಿಲ್ಲಿಸಿದ್ರು. ಸಾವಿರ ವರ್ಷದ ಹಿಂದಿನ ಹಳ್ಳಿಯವರಿಗೆ ಹೀರೋ ಯಾರು ಅಂತ ಗೊತ್ತಿತ್ತು. ಇವತ್ತಿನ ಕಾದಂಬರಿಗೆ ಗೊತ್ತಿಲ್ಲ.

ಇಷ್ಟು ಹೇಳಿದಾಗ ದೊಡ್ಡಮ್ಮ ಅಂದ್ರು, “ಸುಮ್ನಿರೇ, ಕೃಷ್ಣ ರುಕ್ಮಿಣೀನ ರಥದಲ್ಲಿ ಕರ್ಕೊಂಡು ಹೋಗ್ಲಿಲ್ವಾ?” ಹೋದ, ದೊಡ್ಡಮ್ಮ. ರುಕ್ಮಿಣಿ ತಾನೇ ಓಲೆ ಬರೆದು ಬ್ರಾಹ್ಮಣನ ಕೈಲಿ ಕಳಿಸಿದ ಮೇಲೆ ಹೋದ. ರಾವಣನೂ ರಥದಲ್ಲೇ ಕರ್ಕೊಂಡು ಹೋದ, ಅವನನ್ನ ಯಾಕೆ ಪೂಜೆ ಮಾಡಲ್ಲ? ಕರೆದಿದ್ದಕ್ಕೂ ಕರೀದೆ ಇದ್ದಿದ್ದಕ್ಕೂ ಇರೋ ವ್ಯತ್ಯಾಸ ಹರಿಕತೆ ಕೇಳೋ ಅಜ್ಜಿಗೂ ಗೊತ್ತು.

ಅಂಬೆ ಕತೆ ನೆನಪು ಮಾಡ್ಕೊಳ್ಳಿ. ಭೀಷ್ಮ ಕಾಶಿಯ ಮೂರು ಹೆಣ್ಣುಮಕ್ಕಳನ್ನೂ ತಮ್ಮನಿಗೋಸ್ಕರ ಹೊತ್ತು ತಂದ. ಅಂಬೆ ಮನಸ್ಸಲ್ಲಿ ಸಾಲ್ವ ಇದ್ದ. ಹೇಳಿದ ಮೇಲೆ ಕಳಿಸಿಕೊಟ್ರು. ಸಾಲ್ವ, ಇನ್ನೊಬ್ಬ ಗೆದ್ದು ತಂದವಳು ನನಗೆ ಬೇಡ ಅಂದ. ವಾಪಸ್ ಬಂದ್ರೆ ಭೀಷ್ಮನೂ ಮದುವೆ ಆಗಲ್ಲ ಅಂದ. ಆ ಹುಡುಗಿ ಬಾಳು ಮೂರು ಗಂಡಸರ ಮರ್ಯಾದೆ ಮಧ್ಯ ಸುಟ್ಟುಹೋಯ್ತು. ವ್ಯಾಸರು ಅದನ್ನ ಪ್ರೇಮಕತೆ ಮಾಡಲಿಲ್ಲ. ಅಂಬೆ ಭೀಷ್ಮನ ‘ಒಳ್ಳೇ ಮನಸ್ಸು’ ನೋಡಿ ಕರಗಲಿಲ್ಲ. ಶಿಖಂಡಿಯಾಗಿ ಬಂದ್ಲು.

ನಮ್ಮ ಅಜ್ಜಿ ಕತೇನೂ ಹೇಳ್ತೀನಿ. ಅವರ ತವರು ಜಾಲಹಳ್ಳಿ ಪಕ್ಕದ ಹಳ್ಳಿ. ಎರಡನೇ ಮಹಾಯುದ್ಧದ ಕಾಲ. ಜಾಲಹಳ್ಳಿ ಕಡೆ ಇಟಲಿಯ ಯುದ್ಧಕೈದಿಗಳ ಶಿಬಿರ, ಮಿಲಿಟರಿ ಆಸ್ಪತ್ರೆ, ಲಾರಿ ಮೇಲೆ ಲಾರಿ. ಊರಲ್ಲಿ ಸೀಮೆಎಣ್ಣೆ ಇಲ್ಲ, ಬಟ್ಟೆ ಇಲ್ಲ, ಅಕ್ಕಿ ಅಳೆದು ಕೊಡ್ತಿದ್ರು. “ದಂಡು ಬಂತು” ಅಂತ ಯಾರಾದ್ರೂ ಕೂಗಿದ್ರೆ ಹೆಣ್ಣುಮಕ್ಕಳನ್ನ ಕಣಜದ ಹಿಂದೆ ಕೂರಿಸ್ತಿದ್ರಂತೆ. ಅಜ್ಜಿಗೆ ಹದಿಮೂರು ತುಂಬಿತ್ತು. ವಯಸ್ಸಿಗೆ ಬಂದ ಹುಡುಗೀನ ಇಟ್ಕೊಳ್ಳೋಕೆ ಭಯ ಅಂತ, ಎರಡು ಮಕ್ಕಳಿದ್ದ ಹೆಂಡತಿ ಸತ್ತವನಿಗೆ ಕೊಟ್ಟು ಕೈ ತೊಳ್ಕೊಂಡ್ರು. ಯಾವ ಸೈನಿಕನೂ ಅಜ್ಜಿ ತಂಟೆಗೆ ಬರಲಿಲ್ಲ. ಸೈನಿಕನ ಭಯಾನೇ ಅವರ ಬಾಳನ್ನ ತೀರ್ಮಾನ ಮಾಡ್ತು. “ನಂಗೆ ಯುದ್ಧ ಅಂದ್ರೆ ಲಾರಿ ಸದ್ದು, ಆಮೇಲೆ ತಾಳಿ” ಅನ್ನೋರು. ಇದನ್ನ ಯಾರೂ ಕಾದಂಬರಿ ಮಾಡಲಿಲ್ಲ.

ಓಬವ್ವನ ಕತೆ ನೋಡಿ. 1972ರ ‘ನಾಗರಹಾವು’ ಸಿನಿಮಾದಿಂದ ಎಲ್ಲರ ಮನೆಗೂ ಬಂದ್ಲು. ಗಂಡ ಕಾವಲುಗಾರ, ಊಟಕ್ಕೆ ಮನೆಗೆ ಬಂದಿದ್ದಾನೆ. ನೀರು ಬೇಕು. ಕೊಡ ತಗೊಂಡು ಹೋದ ಹೆಂಗಸಿಗೆ ಕಿಂಡಿಯಲ್ಲಿ ಹೈದರಾಲಿ ಸೈನಿಕರು ನುಸುಳೋದು ಕಾಣ್ತು. ಕೈಗೆ ಸಿಕ್ಕಿದ್ದು ಒನಕೆ. ಯುದ್ಧ ಹೆಣ್ಣಿನ ಹತ್ರ ಹಿಂಗೇ ಬರೋದು, ಊಟದ ಹೊತ್ತಿಗೆ, ನೀರಿಗೆ ಹೋದಾಗ. ಗಂಡ ಹೆಂಡತಿ ಪ್ರೀತಿ ಬೇಕಾ? ಅದೂ ಇದೆ ಅಲ್ಲಿ. ಅವನು ಉಣ್ಣಲಿ ಅಂತ ಅವಳು ಎಬ್ಬಿಸಲಿಲ್ಲ. ಇಂಥದ್ದನ್ನ ಹದಿನಾರರ ಹುಡುಗೀರಿಗೆ ರುಚಿಯಾಗಿ, ಮೈ ಜುಮ್ ಅನ್ನೋ ಹಾಗೆ ಬರೆದುಕೊಡೋರು ಇದ್ರೆ, ನಮ್ಮ ಪುಟ್ಟಿ ಯಾಕೆ ಓದಲ್ಲ? ನಾವು ಓಬವ್ವನನ್ನ ಭಾಷಣಕ್ಕೆ, ಫ್ಯಾನ್ಸಿ ಡ್ರೆಸ್ಸಿಗೆ ಇಟ್ಕೊಂಡಿದ್ದೀವಿ. ಪ್ರೀತಿ, ಭಯ, ಮುಟ್ಟು, ಹಸಿವು ಇರೋ ಹುಡುಗಿಯಾಗಿ ಕೊಡಲೇ ಇಲ್ಲ. ಕನ್ನಡದಲ್ಲಿ ಬರೆಯೋ ಅಕ್ಕಂದಿರು ಇದನ್ನ ಓದ್ತಿದ್ರೆ, ಇದು ನಿಮ್ಮ ಮೇಲಿನ ದೂರು ಅಂತಾನೇ ತಿಳ್ಕೊಳ್ಳಿ.

ಈಗ ನಮ್ಮ ಮಾತಿಗೆ ಬರೋಣ, ಪುಸ್ತಕ ಸುಟ್ಟವರ ಮಾತಿಗೆ. ಪುಟ್ಟಿ ಮೂರು ತಿಂಗಳು ಯಾಕೆ ಹೇಳಲಿಲ್ಲ? ಹೇಳಿದ್ರೆ ಟ್ಯೂಷನ್ ಬಿಡಿಸ್ತೀವಿ, ಫೋನ್ ಕಿತ್ಕೊಳ್ತೀವಿ, “ನೀನೇನು ಮಾಡಿದೆ” ಅಂತ ಕೇಳ್ತೀವಿ ಅಂತ ಅವಳಿಗೆ ಗೊತ್ತಿತ್ತು. ಅವಳು ಅಂದ್ಕೊಂಡ ಹಾಗೇ ನಾವು ಮಾಡಿದ್ವಿ. ಹೆದರಿಕೆಗೆ ಪ್ರೀತಿ ಅಂತ ಹೆಸರಿಟ್ಕೊಂಡ್ರೆ ಸ್ವಲ್ಪ ಧೈರ್ಯ ಬರುತ್ತೆ, ಅದಕ್ಕೇ ಆ ಪುಸ್ತಕ ಅವಳಿಗೆ ಅಷ್ಟು ಬೇಕಾಗಿತ್ತು. ಆ ಮಾತನ್ನ ಅವಳಿಗೆ ಕಲಿಸಿದ್ದು ಒಂದು ಪುಸ್ತಕ ಅಲ್ಲ. ಹುಡುಗಿ ಹಿಂದೆ ಬಿದ್ದು, ದಾರಿ ಅಡ್ಡ ಹಾಕಿ, ಹಾಡು ಹೇಳಿ ಒಪ್ಪಿಸೋ ಸಿನಿಮಾ ನೋಡ್ಕೊಂಡು ಅವಳ ಜೊತೆ ಕೂತು ಚಪ್ಪಾಳೆ ಹೊಡೆದೋರು ನಾವೇ. ಆವಾಗ ಯಾರೂ ಟೀವೀನ ನೀರೊಲೆಗೆ ಹಾಕಲಿಲ್ಲ.

ಮಂಗಳವಾರ ನಾನೂ ಅವಳ ಸೋದರತ್ತೆಯೂ ಬಸ್ ಸ್ಟಾಪಲ್ಲಿ ಅವಳ ಪಕ್ಕ ನಿಂತ್ವಿ. ಹುಡುಗ ಬಂದ. ಸೋದರತ್ತೆ ಸುಮ್ನೆ ಕೇಳಿದ್ರು, “ಅವಳು ಬೇಡ ಅಂದಿದ್ದು ನಿಂಗೆ ಕೇಳಿಸ್ತಾ?” ತಲೆ ತಗ್ಗಿಸಿದ. ಸಾಯಂಕಾಲ ಅವನ ತಾಯಿ ಹತ್ರಾನೂ ಹೋದ್ವಿ. ಆಯಮ್ಮ ಅತ್ರು, ಗೊತ್ತಿರಲಿಲ್ಲ ಅಂದ್ರು. ಆಮೇಲಿಂದ ಅವನು ಬಂದಿಲ್ಲ. ಬಂದಿದ್ರೆ ಪೊಲೀಸ್ ಸ್ಟೇಷನ್ನಿಗೆ ಹೋಗೋದು ಅಂತಾನೂ ಮಾತಾಡ್ಕೊಂಡಿದ್ವಿ. ಬೇಡ ಅಂದ್ರೂ ಹಿಂಬಾಲಿಸೋದು 2013ರಿಂದ ಕಾನೂನಿನಲ್ಲಿ ಅಪರಾಧ, ಹೊಸ ನ್ಯಾಯ ಸಂಹಿತೆಯಲ್ಲೂ 78ನೇ ಕಲಮಿನಲ್ಲಿ ಇದೆ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಎರಡನ್ನೂ ಫ್ರಿಡ್ಜ್ ಮೇಲೆ ಬರೆದು ಅಂಟಿಸಿ, ಹಾಲಿನವನ ಲೆಕ್ಕದ ಪಕ್ಕದಲ್ಲೇ.

ಪುಸ್ತಕ ಕಿತ್ಕೊಳ್ಳಬೇಡಿ ಅಂತ ಕೇಳ್ಕೊಳ್ತೀನಿ. ಪಕ್ಕ ಕೂತು ಮೂರು ಪ್ರಶ್ನೆ ಕೇಳಿ. ಆ ಹುಡುಗೀನ ಯಾರಾದ್ರೂ “ನಿಂಗೆ ಇಷ್ಟಾನಾ” ಅಂತ ಕೇಳಿದ್ರಾ? ಬೇಡ ಅಂದಿದ್ರೆ ಅವಳು ಮನೆಗೆ ವಾಪಸ್ ಹೋಗೋಕೆ ಆಗ್ತಿತ್ತಾ? ಅವಳ ಅಮ್ಮ, ತಮ್ಮ, ಅವಳ ಊರು ಏನಾಯ್ತು? ಕೊನೇ ಪ್ರಶ್ನೆ ಕೇಳಿದಾಗ ಪುಟ್ಟಿ ತುಂಬ ಹೊತ್ತು ಯೋಚನೆ ಮಾಡಿದ್ಲು. “ಊರು ಸುಟ್ಟುಹೋಯ್ತಲ್ಲ ದೊಡ್ಡಮ್ಮ, ಆಮೇಲೆ ಅದರ ಮಾತೇ ಬರಲ್ಲ,” ಅಂದ್ಲು. ಆಮೇಲೆ ಅವಳೇ ಹೇಳಿದ್ಲು, ಸುಟ್ಟ ಪುಸ್ತಕ ಫ್ರೆಂಡ್‌ದು, ವಾಪಸ್ ಕೊಡಬೇಕು ಅಂತ.

ಅದನ್ನ ಅವರಮ್ಮಾನೇ ಕೊಡಿಸ್ತಾಳೆ, ನಾನು ಮಾತಾಡಿದ್ದೀನಿ. ಮುಂದಿನ ಭಾನುವಾರ ಪುಟ್ಟೀನ ಹೆಬ್ಬಾಳದ ಕಲ್ಲು ನೋಡೋಕೆ ಕರ್ಕೊಂಡು ಹೋಗ್ತಿದ್ದೀನಿ. ಬರೋರು ನಿಮ್ಮ ಹೆಣ್ಣುಮಕ್ಕಳನ್ನೂ ಕರ್ಕೊಂಡು ಬನ್ನಿ, ಅವರು ಓದ್ತಿರೋ ಪುಸ್ತಕಾನೂ ಬಚ್ಚಿಡದೆ ತರಲಿ. ಮಧ್ಯಾಹ್ನಕ್ಕೆ ನಮ್ಮ ಮನೇಲಿ ಮುದ್ದೆ, ಹಿದಕವರೆ ಬೇಳೆ ಸಾರು.