ವರ್ಣಿಸಿದ್ದೇವೆ, ಕೇಳಿಲ್ಲ

ಜನ್ನನ 'ಯಶೋಧರ ಚರಿತೆ'ಯ ಅಮೃತಮತಿಯ ಬಗ್ಗೆ ಅಭಿಪ್ರಾಯವಿಲ್ಲದ ಕನ್ನಡ ಓದುಗರು ವಿರಳ. 1209ರ ಆ ಕಾವ್ಯದಲ್ಲಿ ರಾಣಿಯೊಬ್ಬಳು ರಾತ್ರಿ ತೇಲಿಬಂದ ಹಾಡಿಗೆ ಮನಸೋತು ಕುರೂಪಿಯಾದ ಮಾವುತನನ್ನು ಬಯಸುತ್ತಾಳೆ. ಅವಳು ಪಾಪಿಯೇ, ದುರಂತ ನಾಯಕಿಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕವೂ ಅದೇ ಕಥೆಗೆ ಮರಳಿತು. ಈ ನೀತಿವಿಚಾರದ ನಡುವೆ ಜನ್ನ ಕಂಡಿದ್ದ ಒಂದು ಸೂಕ್ಷ್ಮ ಸತ್ಯ ಹಿಂದೆ ಸರಿದುಬಿಡುತ್ತದೆ. ಅಮೃತಮತಿಯ ಬಯಕೆ ಹುಟ್ಟಿದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಅವಳನ್ನು ತಟ್ಟಿದ್ದು ರೂಪವಲ್ಲ, ಅಧಿಕಾರವಲ್ಲ, ಒಂದು ದನಿ.

ಹೆಣ್ಣಿನ ಕಾಮವನ್ನು ಕುರಿತು ನಮ್ಮ ಪರಂಪರೆ ಮೌನವಾಗಿರಲಿಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ಚಂದ್ರರಾಜನು 'ಮದನತಿಲಕ'ವೆಂಬ ಕಾಮಶಾಸ್ತ್ರವನ್ನು ಕನ್ನಡದಲ್ಲಿ ರಚಿಸಿದ. ಅದಕ್ಕೂ ಬಹಳ ಹಿಂದಿನ ವಾತ್ಸ್ಯಾಯನನ ಕಾಮಸೂತ್ರದಲ್ಲಿ, ಸ್ತ್ರೀಗೆ ಪುರುಷನಂತೆ ಸುಖವುಂಟೇ ಎಂಬುದರ ಬಗ್ಗೆ ಒಂದು ವಾದವೇ ನಡೆಯುತ್ತದೆ. ಔದ್ದಾಲಕಿ ಇಲ್ಲವೆನ್ನುತ್ತಾನೆ, ಬಾಭ್ರವ್ಯನ ಪಂಥದವರು ಆಕೆಗೆ ಮೊದಲಿನಿಂದ ಕೊನೆಯವರೆಗೂ ಸುಖವಿದೆಯೆನ್ನುತ್ತಾರೆ, ಇಬ್ಬರೂ ಒಂದೇ ಜಾತಿಯ ಜೀವಿಗಳಾದ್ದರಿಂದ ಸುಖವೂ ಸಮಾನವೆಂದು ವಾತ್ಸ್ಯಾಯನ ತೀರ್ಮಾನಿಸುತ್ತಾನೆ. ತೀರ್ಮಾನ ಉದಾರವಾದುದೇ. ಆದರೆ ವಾದ ಹೂಡಿದವರೂ ತೀರ್ಪಿತ್ತವರೂ ಗಂಡಸರು. ಹೆಣ್ಣನ್ನು ನಾವು ಯಥೇಚ್ಛವಾಗಿ ವರ್ಣಿಸಿದ್ದೇವೆ. ಕೇಳಿದ್ದು ಬಹಳ ಕಡಿಮೆ.

ಆಧುನಿಕ ವಿಜ್ಞಾನವೂ ಕೇಳಲು ಕಲಿತದ್ದು ತಡವಾಗಿಯೇ. 1966ರಲ್ಲಿ ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಮನುಷ್ಯರ ಲೈಂಗಿಕ ಸ್ಪಂದನವನ್ನು ನಾಲ್ಕು ಹಂತಗಳಲ್ಲಿ ವಿವರಿಸಿದರು: ಉದ್ರೇಕ, ಅದು ನೆಲೆನಿಲ್ಲುವ ಹಂತ, ಪರಾಕಾಷ್ಠೆ, ಉಪಶಮನ. ಉದ್ರೇಕವಾದಾಗ ಜನನಾಂಗಗಳಿಗೆ ರಕ್ತ ಹೆಚ್ಚು ಹರಿಯುತ್ತದೆ, ಯೋನಿಯಲ್ಲಿ ತೇವ ಮೂಡುತ್ತದೆ, ಎದೆಬಡಿತ ಏರುತ್ತದೆ. ದೇಹದ ಈ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಏಣಿಯನ್ನು ಎಲ್ಲ ಹೆಂಗಸರೂ ಕೆಳಗಿನ ಮೆಟ್ಟಿಲಿನಿಂದಲೇ ಹತ್ತುವುದಿಲ್ಲ. 2000ದಲ್ಲಿ ಕೆನಡಾದ ವೈದ್ಯೆ ರೋಸ್‌ಮರಿ ಬ್ಯಾಸನ್ ಬೇರೊಂದು ಚಿತ್ರ ಮುಂದಿಟ್ಟರು. ದೀರ್ಘಕಾಲದ ದಾಂಪತ್ಯದಲ್ಲಿರುವ ಅನೇಕ ಸ್ತ್ರೀಯರಲ್ಲಿ ಬಯಕೆ ತಾನಾಗಿ ಮೊದಲು ಬರುವುದಿಲ್ಲ; ಆಪ್ತತೆ, ಸ್ಪರ್ಶ, ನೆಮ್ಮದಿಗಳಿಗೆ ಮನಸ್ಸು ತೆರೆದ ಮೇಲೆ ಉದ್ರೇಕವೂ ಅದರ ಹಿಂದೆ ಬಯಕೆಯೂ ಬರುತ್ತವೆ. ಹಸಿವಿಲ್ಲದೆ ಎಲೆಯ ಮುಂದೆ ಕುಳಿತವರಿಗೆ ಒಗ್ಗರಣೆಯ ಘಮ ಬಂದ ಮೇಲೆ ಹಸಿವು ಕೆರಳುವಂತೆ. ಇದು ರೋಗವಲ್ಲ, ಕೊರತೆಯಲ್ಲ. ಸ್ಪಂದನದ ಇನ್ನೊಂದು ಕ್ರಮ.

ಅಂಗರಚನೆಯ ಕತೆಯೂ ಹೀಗೆಯೇ. ಭಗಾಂಕುರವೆಂದರೆ ಹೊರಗೆ ಕಾಣುವ ಸಣ್ಣ ತುದಿಯಷ್ಟೇ ಅಲ್ಲ, ಅದರ ಬಹುಭಾಗ ಒಳಗೆ ಹರಡಿಕೊಂಡಿದೆಯೆಂದು ಆಸ್ಟ್ರೇಲಿಯದ ಶಸ್ತ್ರವೈದ್ಯೆ ಹೆಲೆನ್ ಓಕಾನಲ್ ವಿವರವಾಗಿ ತೋರಿಸಿದ್ದು 1998ರಲ್ಲಿ. ಕೇವಲ ಸಂಭೋಗದಿಂದ ಎಷ್ಟೋ ಸ್ತ್ರೀಯರಿಗೆ ಪರಾಕಾಷ್ಠೆ ಒದಗುವುದಿಲ್ಲವೆಂಬುದು ಅವರ ಮನಸ್ಸಿನ ದೋಷವಲ್ಲ, ದೇಹದ ರಚನೆಗೆ ಸಂಬಂಧಿಸಿದ ಸಂಗತಿ. ಇದನ್ನು ತಿಳಿಯದ ಗಂಡ ತನ್ನನ್ನು ಅಸಮರ್ಥನೆಂದುಕೊಳ್ಳುತ್ತಾನೆ, ಇಲ್ಲವೇ ಹೆಂಡತಿಯನ್ನು ತಣ್ಣಗಿನವಳೆನ್ನುತ್ತಾನೆ. ತಿಳಿಯದ ಹೆಂಡತಿ ನಟಿಸಲು ಕಲಿಯುತ್ತಾಳೆ.

ಎಲ್ಲಕ್ಕಿಂತ ಮುಖ್ಯವಾದ ತಿಳಿವಳಿಕೆ ಇನ್ನೊಂದಿದೆ. ದೇಹದ ಸ್ಪಂದನವೂ ಮನಸ್ಸಿನ ಇಚ್ಛೆಯೂ ಒಂದೇ ಅಲ್ಲ. ಇವೆರಡರ ನಡುವೆ ಸ್ತ್ರೀಯರಲ್ಲಿ ಅನೇಕ ವೇಳೆ ಹೊಂದಿಕೆಯಿರುವುದಿಲ್ಲವೆಂದು ಸಂಶೋಧನೆಗಳು ತೋರಿಸಿವೆ. ಮನಸ್ಸು ಒಲ್ಲೆನೆಂದಾಗಲೂ ದೇಹ ಸ್ಪಂದಿಸಬಹುದು. ಮನಸ್ಸು ಒಲಿದಾಗಲೂ ದೇಹ ಸುಮ್ಮನಿರಬಹುದು. ಆದ್ದರಿಂದ ದೇಹದ ಗುರುತುಗಳನ್ನು ನೋಡಿ ಒಪ್ಪಿಗೆಯನ್ನು ಊಹಿಸುವುದು ತಪ್ಪು. ಬಲವಂತಕ್ಕೆ ಒಳಗಾದ ಹೆಂಗಸು ತನ್ನ ದೇಹವೇ ತನಗೆ ದ್ರೋಹ ಬಗೆಯಿತೆಂದು ಕೊರಗುವ ಅಗತ್ಯವೂ ಇಲ್ಲ. ನಮ್ಮ ಕಾನೂನು ಈ ವಿಷಯದಲ್ಲಿ ಇನ್ನೂ ಹಿಂದಿದೆ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟು ಪತಿಯೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ನಿರಾಕರಿಸಿತು. ಸುಪ್ರೀಂ ಕೋರ್ಟು ಮುಂದೆ ಅದಕ್ಕೆ ತಡೆ ನೀಡಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಕೂಡ ಗಂಡನಿಗಿರುವ ವಿನಾಯಿತಿಯನ್ನು ಉಳಿಸಿಕೊಂಡಿದೆ. ಕಾನೂನು ಕೇಳದಿದ್ದರೂ ಮನೆಯೊಳಗೆ ಕೇಳಬಾರದೆಂದೇನೂ ಇಲ್ಲ.

ಈ ಮಾತನ್ನು ಬಹಿರಂಗವಾಗಿ ಆಡಿದವರಿಗೆ ಮುಂಬಯಿಯೇ ಊರು. ರಘುನಾಥ ಧೋಂಡೊ ಕರ್ವೆಯವರು 1921ರಲ್ಲಿ ಇಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆದರು. 1927ರಿಂದ 1953ರಲ್ಲಿ ತೀರಿಕೊಳ್ಳುವವರೆಗೂ 'ಸಮಾಜ ಸ್ವಾಸ್ಥ್ಯ'ವೆಂಬ ಮರಾಠಿ ಪತ್ರಿಕೆ ನಡೆಸಿ, ಕಾಮಸುಖ ಹೆಣ್ಣಿನ ಹಕ್ಕೂ ಹೌದೆಂದು ವಾದಿಸಿದರು. ಓದುಗರ ಪ್ರಶ್ನೆಗಳಿಗೆ ಅದರಲ್ಲಿ ಕೊಟ್ಟ ಉತ್ತರಗಳು ಅಶ್ಲೀಲವೆಂದು 1934ರಲ್ಲಿ ಮೊಕದ್ದಮೆ ನಡೆದಾಗ ಅವರ ಪರವಾಗಿ ನಿಂತ ವಕೀಲರು ಡಾ. ಬಾಬಾಸಾಹೇಬ ಅಂಬೇಡ್ಕರ್. ಮೊಕದ್ದಮೆ ಸೋತಿತು, ವಾದ ಸೋಲಲಿಲ್ಲ. ವಡಾಲದಲ್ಲಿ ಅಂಬೇಡ್ಕರರ ಹೆಸರಿನ ಕಾಲೇಜಿನ ಮುಂದೆ ದಿನವೂ ಹಾದುಹೋಗುವ ನಾವು ಅವರ ಈ ವಕಾಲತ್ತನ್ನೂ ನೆನೆಯಬೇಕು. 1949ರಲ್ಲಿ ಇದೇ ನಗರದಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದ ಧನ್ವಂತಿ ರಾಮರಾವ್ ಹುಬ್ಬಳ್ಳಿಯಲ್ಲಿ ಬೆಳೆದವರು. ಕನ್ನಡದಲ್ಲಿ ಡಾ. ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ', 'ಕೇಳು ಕಿಶೋರಿ'ಗಳನ್ನು ಬರೆದು, ವೈದ್ಯೆಯ ಜ್ಞಾನವನ್ನು ಮನೆಮಾತಿಗೆ ಇಳಿಸಿದರು.

ಆ ಮನೆಮಾತು ಹೊರನಾಡಿನಲ್ಲಿ ನಮ್ಮ ಕೈತಪ್ಪುತ್ತಿದೆ. ವಡಾಲದ ಎನ್.ಕೆ.ಇ.ಎಸ್. ಶಾಲೆಯಲ್ಲಿ ಕನ್ನಡ ಕಲಿತವರಿಗೂ, ಊರಿನಿಂದ ಮದುವೆಯಾಗಿ ಬಂದವರಿಗೂ ದೇಹದ ಈ ಭಾಗದ ಮಾತಿಗೆ ಪದಗಳಿಲ್ಲ. ಕಾವ್ಯದ ಪದಗಳು ತೀರ ಎತ್ತರದಲ್ಲಿವೆ; ಬೀದಿಯ ಪದಗಳು ಬೈಗುಳಗಳಾಗಿವೆ. ವೈದ್ಯರ ಮುಂದೆ ಅರೆಬರೆ ಹಿಂದಿ ಮರಾಠಿಗಳಲ್ಲಿ "ಅಲ್ಲಿ ತೊಂದರೆ" ಎಂದಷ್ಟೇ ಹೇಳಿ ಮರಳುವ ಹೆಂಗಸಿಗೆ ಯಾವ ಚಿಕಿತ್ಸೆ ದೊರೆತೀತು? ಹೆರಿಗೆಯ ನಂತರ ಹಾಲೂಡಿಸುವ ತಿಂಗಳುಗಳಲ್ಲಿ, ಮುಟ್ಟು ನಿಂತ ಮೇಲೆ, ಈಸ್ಟ್ರೋಜನ್ ತಗ್ಗಿ ಯೋನಿ ಒಣಗುವುದುಂಟು. ಮಧುಮೇಹವೂ ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಸ್ಪಂದನವನ್ನು ಕುಗ್ಗಿಸುವುದುಂಟು. ನೋವನ್ನು ಸಹಿಸುವುದು ಪತಿವ್ರತಾಧರ್ಮವಲ್ಲ. ಅದಕ್ಕೆ ಬಹುತೇಕ ಪರಿಹಾರವಿದೆ. ಆದರೆ ಪರಿಹಾರ ಬರುವುದು ಮಾತಿನ ಬಾಗಿಲಿನಿಂದ.

ಇವೆಲ್ಲ ಖಾಸಗಿ ವಿಷಯ, ಸಾಹಿತ್ಯದ ಬಳಗದಲ್ಲಿ ಏಕೆ ಎಂದು ಕೇಳುವವರಿದ್ದಾರೆ. ಖಾಸಗಿತನವನ್ನು ನಾನೂ ಗೌರವಿಸುತ್ತೇನೆ. ಆದರೆ ಈ ನಗರದ ಒಂದು ಕೋಣೆಯ ಮನೆಯಲ್ಲಿ, ಪರದೆಯಾಚೆ ಅತ್ತೆ ಮಾವ, ಈಚೆ ಮಕ್ಕಳು ಮಲಗಿರುವಾಗ, ಬೆಳಗಿನ ಲೋಕಲ್ ಹಿಡಿಯಬೇಕಾದವಳಿಗೆ ಬಯಕೆ ಏಕಿಲ್ಲ ಎಂದು ದೂರುವವರು ಖಾಸಗಿತನದ ಮಾತಾಡುವುದು ವಿಚಿತ್ರ. ಉದ್ರೇಕಕ್ಕೆ ನೆಮ್ಮದಿ ಬೇಕು, ಬಿಡುವು ಬೇಕು, ಭಯವಿಲ್ಲದಿರಬೇಕು. ಸಂಜೆ ಪಾತ್ರೆ ತೊಳೆಯುವ ಕೈಗಳು ನಾಲ್ಕಾದರೆ ಅದೂ ಶೃಂಗಾರದ ಭಾಗವೇ.

ಶರೀರಶಾಸ್ತ್ರವನ್ನೆಲ್ಲ ಓದಿದರೂ ಒಬ್ಬ ಹೆಣ್ಣು ಇಂದು, ಈ ಹೊತ್ತಿನಲ್ಲಿ ಏನು ಬಯಸುತ್ತಾಳೆಂಬುದು ಪುಸ್ತಕದಿಂದ ತಿಳಿಯದು. ಅದನ್ನು ಆಕೆಯನ್ನೇ ಕೇಳಬೇಕು, ಇಲ್ಲವೆಂಬ ಉತ್ತರಕ್ಕೂ ಸಿದ್ಧರಾಗಿ ಕೇಳಬೇಕು. "ನಿನಗೆ ಹೇಗನ್ನಿಸುತ್ತದೆ?" ಎಂಬ ಪದಗಳು ಕನ್ನಡದಲ್ಲಿ ಇದ್ದೇ ಇವೆ. ಹೊಸ ಪಾರಿಭಾಷಿಕ ಪದಕೋಶ ಬರುವವರೆಗೆ ಅಷ್ಟರಿಂದಲೇ ಆರಂಭಿಸಬಹುದು.