ಅದು ಹಾಸ್ಯ ಚಿತ್ರವೇ?

ಜೋರ್ಡನ್ ಪೀಲ್ ನಿರ್ದೇಶನದ ‘ಗೆಟ್ ಔಟ್’ (2017) ಚಿತ್ರದಲ್ಲಿ ಕಪ್ಪು ಯುವಕ ಕ್ರಿಸ್ ತನ್ನ ಬಿಳಿಯ ಗೆಳತಿಯ ಮನೆಗೆ ಹೋಗುತ್ತಾನೆ. ಅವಳ ತಾಯಿ ಟೀ ಕಪ್ಪಿನಲ್ಲಿ ಚಮಚ ತಿರುಗಿಸುತ್ತಲೇ ಅವನನ್ನು ಸಮ್ಮೋಹನಗೊಳಿಸುತ್ತಾಳೆ. ಅವನಿಗೆ ಎಲ್ಲವೂ ಕೇಳಿಸುತ್ತದೆ, ಕೂಗಲು ಮಾತ್ರ ಆಗುವುದಿಲ್ಲ.

ವಿಮರ್ಶಕರು ಮೆಚ್ಚಿದರು, ಚಿತ್ರಕಥೆಗೆ ಆಸ್ಕರ್ ಬಂತು. ಆದರೆ ಗೋಲ್ಡನ್ ಗ್ಲೋಬ್‌ನಲ್ಲಿ ಇದು ಹಾಸ್ಯ–ಸಂಗೀತ ವಿಭಾಗದಲ್ಲಿತ್ತು! ನಗಿಸುವ ದೃಶ್ಯಗಳಿವೆ, ನಿಜ. ಆದರೂ ನಾನು ಇದನ್ನು ಒಪ್ಪುವುದಿಲ್ಲ. ಅತಿಥಿಗಳು ಕ್ರಿಸ್‌ನನ್ನು ಬೈಯುವುದಿಲ್ಲ. ಹೊಗಳುತ್ತಲೇ, ಸಂತೆಯಲ್ಲಿ ಎತ್ತು ನೋಡಿದಂತೆ ಅವನ ಮೈಕಟ್ಟು ನೋಡುತ್ತಾರೆ. ಅವನಿಗದು ಹಾಸ್ಯವಲ್ಲ.

‘ತಮಾಷೆಗೆ ಅಂದೆ’ ಎಂಬ ಮಾತು ನಮ್ಮ ತರಗತಿಗಳಲ್ಲೂ ಇದೆ. ಅದನ್ನು ಕೇಳಿದ ಮೇಲೆ ನೊಂದವರು ಸುಮ್ಮನಾಗುತ್ತಾರೆ. ನಗುವ ಮೊದಲು ಒಮ್ಮೆ ಅವರ ಮುಖ ನೋಡೋಣ.