ಸೈಕಲ್ಲಿಗೆ ನೆಲುವು ಬೇಕು, ಅಟ್ಟವಲ್ಲ

ಪುಣೆ ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿತ್ತು. ಇಂದು ಇದೇ ಊರಿನ ಬಹುಮಹಡಿ ವಸತಿಗಳಲ್ಲಿ ನೆಲೆಸಿರುವ ನಮಗೆ ಒಂದು ಸೈಕಲ್ಲು ನಿಲ್ಲಿಸಲು ಆರಡಿ ಜಾಗ ಸಿಗುವುದು ಕಷ್ಟ. ಮೆಟ್ಟಿಲ ಬಳಿ ಇಡಬಾರದೆಂದು ಸೊಸೈಟಿಯವರು ಹೇಳುತ್ತಾರೆ. ಬೆಂಕಿ ಬಿದ್ದಾಗ ಜನ ಇಳಿಯುವ ದಾರಿ ಅದಾದ್ದರಿಂದ ಅವರ ಮಾತು ಸರಿಯೇ. ಗೋಡೆಗೆ ತೂಗುಹಾಕೋಣವೆಂದರೆ ಮನೆಯಲ್ಲೇ ಆಕ್ಷೇಪ: ಚಕ್ರ ಸೊಟ್ಟಗಾಗುತ್ತದೆ! ಕೊನೆಗೆ, ಚೆನ್ನಾಗಿಯೇ ಇರುವ ಸೈಕಲ್ಲು ಗುಜರಿಯವನ ಪಾಲಾಗುತ್ತದೆ. ಈ ಭಯ ನಿರಾಧಾರವೆಂಬುದೇ ನಮ್ಮ ವಾದ.

ಲೆಕ್ಕ ಸರಳವಾಗಿದೆ. 65 ಕಿಲೋ ತೂಕದ ಸವಾರ 15 ಕಿಲೋ ತೂಕದ ಸೈಕಲ್ಲನ್ನೇರಿದಾಗ ಒಟ್ಟು 80 ಕಿಲೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರ ಹಿಂದಿನ ಚಕ್ರವೊಂದರ ಮೇಲೆಯೇ ಬೀಳುತ್ತದೆ. ಗುಂಡಿಬಿದ್ದ ರಸ್ತೆಯಲ್ಲಿ ಆ ಪೆಟ್ಟು ಇನ್ನೂ ಹೆಚ್ಚು. ಅದನ್ನೆಲ್ಲ ತಾಳಿಕೊಳ್ಳುವ ಚಕ್ರ, ಕೊಕ್ಕೆಗೆ ಸಿಕ್ಕಿಸಿದಾಗ ಬರೀ 15 ಕಿಲೋ ತಾಳದೇ? ಚಕ್ರದ ಬಲವಿರುವುದು ಬಿಗಿದು ಕಟ್ಟಿದ ಕಡ್ಡಿಗಳಲ್ಲಿ. ಒಂದೆಡೆ ಬಿದ್ದ ಭಾರವನ್ನು ಅವು ಹಂಚಿಕೊಳ್ಳುತ್ತವೆ. ಗಾಳಿ ಇಳಿದ ಟೈರಿನ ಮೇಲೆ ತಿಂಗಳುಗಟ್ಟಲೆ ನಿಂತ ಸೈಕಲ್ಲಿಗೇ ಕೇಡು ಹೆಚ್ಚು: ಮಡಿಕೆಬಿದ್ದ ಕಡೆ ರಬ್ಬರು ಬಿರಿಯುತ್ತದೆ.

ಹಾಗೆಂದು ಹೇಗೆಂದರೆ ಹಾಗೆ ನೇತುಹಾಕುವುದು ಸಲ್ಲದು. ಕೊಕ್ಕೆ ಅಗಲವಾಗಿರಲಿ, ಅದಕ್ಕೆ ರಬ್ಬರಿನ ಹೊದಿಕೆಯಿರಲಿ; ಹಳೆಯ ಟ್ಯೂಬಿನ ತುಂಡನ್ನು ಸುತ್ತಿದರೂ ಸಾಕು. ಭಾರ ರಿಮ್ಮಿನ ಮೇಲೆ ಬೀಳಲಿ; ಕಡ್ಡಿ, ವಾಲ್ವು, ಡಿಸ್ಕುಗಳಿಗೆ ಕೊಕ್ಕೆ ತಾಗದಿರಲಿ. ಕಾರ್ಬನ್ ರಿಮ್ಮಾದರೆ ತಯಾರಕರ ಸೂಚನೆಯನ್ನು ನೋಡಿಕೊಳ್ಳಬೇಕು. ಎಣ್ಣೆಯ ಒತ್ತಡದಿಂದ ಕೆಲಸಮಾಡುವ ಡಿಸ್ಕ್ ಬ್ರೇಕಿದ್ದರೆ, ಸೈಕಲ್ಲು ನೆಟ್ಟಗೆ ನೇತಾಡಿದಾಗ ಒಳಗಿನ ಗಾಳಿಗುಳ್ಳೆ ಸ್ಥಳ ಬದಲಿಸಬಹುದು. ಇಳಿಸಿದ ಮೇಲೆ ಹಿಡಿಕೆಯನ್ನು ನಾಲ್ಕಾರು ಬಾರಿ ಅದುಮಿ, ಬ್ರೇಕು ಹಿಡಿಯುವುದನ್ನು ಖಚಿತಪಡಿಸಿಕೊಂಡೇ ಏರಬೇಕು. ಎಲ್ಲಕ್ಕಿಂತ ಮೊದಲು ಗೋಡೆಯನ್ನು ನೋಡಬೇಕು. ಬರೀ ಗಾರೆಯಲ್ಲಿ ನಿಂತ ಮೊಳೆ ಸೈಕಲ್ಲನ್ನು ತಾಳದು. ಗಟ್ಟಿ ಕಾಂಕ್ರೀಟಿಗೋ ಇಟ್ಟಿಗೆಗೋ ತೂತು ಕೊರೆದು ಆಂಕರ್ ಬೋಲ್ಟು ಕೂರಿಸಬೇಕು.

ನಿಜವಾದ ಅಪಾಯ ಬೇರೆಯೇ ಇದೆ. ನಮ್ಮ ಹಿರಿಯರ ಮನೆಗಳಲ್ಲಿ ನೆಲುವೂ ಇತ್ತು, ಅಟ್ಟವೂ ಇತ್ತು. ಹಾಲು, ಬೆಣ್ಣೆ ನೆಲುವಿನಲ್ಲಿ ತೂಗುತ್ತಿದ್ದವು: ಬೆಕ್ಕಿಗೆ ಎಟುಕದಂತೆ, ಮನೆಯವರ ಕೈಗೆ ದಿನವೂ ಎಟುಕುವಂತೆ. ಅಟ್ಟಕ್ಕೇರಿದ್ದು ಮಾತ್ರ ಮರಳಿ ಇಳಿಯುತ್ತಿದ್ದುದು ಅಪರೂಪ. ಇಬ್ಬರು ಸೇರಿ ಇಳಿಸಬೇಕಾದಷ್ಟು ಎತ್ತರದ ಕೊಕ್ಕೆ ಸೈಕಲ್ಲಿನ ಪಾಲಿಗೆ ಅಟ್ಟವೇ. ಹಿಂದಿನ ಚಕ್ರ ನೆಲಕ್ಕೆ ಸಮೀಪವಿದ್ದು, ಮುಂದಿನದನ್ನಷ್ಟೇ ಎತ್ತಿ ಸಿಕ್ಕಿಸುವಂತಿದ್ದರೆ ವಯಸ್ಸಾದವರೂ ತಾವೇ ಇಳಿಸಿಕೊಳ್ಳಬಲ್ಲರು. ಹಾಲು ತರಲೋ ಗ್ರಂಥಾಲಯಕ್ಕೆ ಹೋಗಲೋ ವಾರಕ್ಕೆರಡು ಸಲವಾದರೂ ಇಳಿಯುವ ಸೈಕಲ್ಲಿನ ಚಕ್ರದ ಬಗ್ಗೆ ನಾವು ಚಿಂತಿಸಬೇಕಾಗಿಲ್ಲ. ಇಳಿಯದೇ ಉಳಿದ ಸೈಕಲ್ಲಿನ ಬಗ್ಗೆ ಚಿಂತಿಸೋಣ.